ಪಿಳ್ಳಮ್ಮನ ತೋಪಿನ ತಗಚೆ ಸೊಪ್ಪು

ಹೋದ ಆಷಾಢದಲ್ಲಿ ಬಂಗಾರಪೇಟೆ ಸ್ಟೇಷನ್ನಿನಿಂದ ಹೊರಗೆ ಬರುತ್ತಿದ್ದಾಗ ಒಂದು ವಾಸನೆ ನನ್ನನ್ನು ಸೆರಗು ಹಿಡಿದು ನಿಲ್ಲಿಸಿತು. ಸುವಾಸನೆ ಅಂತ ತಿಳಿಯಬೇಡಿ. ತಗಚೆ ಸೊಪ್ಪನ್ನು ಬೆರಳಲ್ಲಿ ಉಜ್ಜಿದರೆ ಬರುವ ವಾಸನೆ ಅದು. ಗೊತ್ತಿಲ್ಲದವರು ಮೂಗು ಮುಚ್ಚಿಕೊಳ್ಳುತ್ತಾರೆ, ಗೊತ್ತಿದ್ದವರಿಗೆ ಬಾಯಲ್ಲಿ ನೀರೂರುತ್ತದೆ. ಗೇಟಿನ ಪಕ್ಕ ಗೋಣಿಚೀಲ ಹಾಸಿಕೊಂಡು ಒಬ್ಬ ಹೆಂಗಸು ಸೊಪ್ಪು ಮಾರುತ್ತಿದ್ದಳು. ಒಂದು ಕಟ್ಟು ಎತ್ತಿ ಬುಡ ನೋಡಿದೆ. ತಗಚೆ ಕಂಡಲ್ಲೆಲ್ಲ ಮೊದಲು ಬೇರು ಹುಡುಕುವುದು ನನಗೆ ಅಂಟಿಕೊಂಡಿರುವ ಚಟ. ಬೇರಿತ್ತು.

"ಬೇರು ಯಾಕಮ್ಮ ಕಿತ್ತೆ? ತುದಿ ಚಿವುಟಿದ್ದರೆ ಇನ್ನೂ ಹತ್ತು ಸಲ ಸಿಗುತ್ತಿತ್ತಲ್ಲ" ಅಂದೆ.

ಅವಳು ನನ್ನನ್ನು ಮೇಲಿಂದ ಕೆಳಗೆ ನೋಡಿ, "ತಕಂಡ್ರೆ ತಕಳಮ್ಮ, ಇಲ್ದಿದ್ರೆ ಓಗು. ಸೊಪ್ಪಿಗೆಲ್ಲ ಪಾಠ ಏಳ್ಬ್ಯಾಡ" ಅಂದಳು. ರಿಟೈರಾಗಿ ಇಷ್ಟು ವರ್ಷವಾದರೂ ಮುಖದ ಮೇಲೆ ಬರೆದಿರುವ ಟೀಚರ್ ಅಳಿಸಿಲ್ಲ ನೋಡಿ. ಬಾಯಿ ಮುಚ್ಚಿಕೊಂಡು ಎರಡು ಕಟ್ಟು ಕೊಂಡೆ.

ಸೊಪ್ಪಿನ ಪಾಠ ಏನಿದ್ದರೂ ನನಗೇ ಆದದ್ದು. ಎಂಬತ್ತರ ದಶಕದ ನಡುವೆ, ಬೂದಿಕೋಟೆಯಿಂದ ಎರಡು ಮೈಲಿ ಒಳಗಿದ್ದ ಒಂದು ಸಣ್ಣ ಊರಿನಲ್ಲಿ. ನನಗಾಗ ಇಪ್ಪತ್ಮೂರು ವರ್ಷ, ಮೊದಲ ಕೆಲಸ. ಹುಟ್ಟಿ ಬೆಳೆದದ್ದು ಮಾರಿಕುಪ್ಪಂನಲ್ಲಿ, ಗಣಿಯವರ ಲೈನು ಮನೆಗಳಲ್ಲಿ. ಅಪ್ಪ ಗಣಿಯ ವರ್ಕ್‌ಶಾಪಿನಲ್ಲಿ ಫಿಟ್ಟರ್. ಮನೆಯಲ್ಲಿ ಕನ್ನಡ, ಬೀದಿಯಲ್ಲಿ ತಮಿಳು, ಅಂಗಡಿಯಲ್ಲಿ ತೆಲುಗು. ಮೂರು ಭಾಷೆಯಲ್ಲೂ ನನಗೆ ಗುರುತಿದ್ದ ಸೊಪ್ಪು ಎರಡೇ, ಕೊತ್ತಂಬರಿ ಮತ್ತು ಕರಿಬೇವು. ಮನೆಯ ಹಿಂದೆ ಸೈನೈಡ್ ದಿಬ್ಬ. ಚಿನ್ನ ತೆಗೆದು ಉಳಿದ ಮಣ್ಣನ್ನು ಸುರಿದು ಸುರಿದು ಆದ ಬಿಳೀ ಗುಡ್ಡ ಅದು, ಅದರ ಮೇಲೆ ಒಂದು ಎಸಳು ಹುಲ್ಲೂ ಹುಟ್ಟುತ್ತಿರಲಿಲ್ಲ. ಅಂಥ ಕಡೆಯಿಂದ ಬಂದವಳನ್ನು ಸರ್ಕಾರ ಹಳ್ಳಿ ಮಕ್ಕಳಿಗೆ ಗಿಡಮರದ ಪಾಠ ಹೇಳು ಅಂತ ಕಳಿಸಿತ್ತು.

ಮೊದಲ ತಿಂಗಳು ಮಾರಿಕುಪ್ಪಂನಿಂದ ಬೆಳಗಿನ ರೈಲಿಗೆ ಬಂಗಾರಪೇಟೆ, ಅಲ್ಲಿಂದ ಬಸ್ಸಿಗೆ ಬೂದಿಕೋಟೆ, ಅಲ್ಲಿಂದ ನಡಿಗೆ. ಬಸ್ಸು ಕೈಕೊಟ್ಟ ದಿನ ಮಕ್ಕಳು ಊಟಕ್ಕೆ ಮನೆಗೆ ಹೋಗುವ ಹೊತ್ತಿಗೆ ನಾನು ಸ್ಕೂಲಿಗೆ ಬರುತ್ತಿದ್ದೆ. ನಮ್ಮದು ಇಬ್ಬರೇ ಇದ್ದ ಸ್ಕೂಲು. ಹೆಡ್‌ಮಾಸ್ಟರು ನಾರಾಯಣಪ್ಪ ಮೇಷ್ಟ್ರು, ಕಾಫಿ ಒಂದು ಸಿಕ್ಕಿದರೆ ಲೋಕದ ಮೇಲೆ ಯಾವ ದೂರೂ ಇಲ್ಲದ ಮನುಷ್ಯರು. ಅವರೇ ಒಂದು ದಿನ, "ನೋಡಮ್ಮ ಮಂಜುಳಾ, ಹೀಗೆ ಓಡಾಡಿದರೆ ನೀನು ಪಾಠ ಮಾಡೋದು ರೈಲಿನವರಿಗೇ. ತೋಪಿನ ಪಕ್ಕ ಪಿಳ್ಳಮ್ಮನ ಮನೇಲಿ ಒಂದು ರೂಮು ಖಾಲಿ ಇದೆ, ಬಂದುಬಿಡು" ಅಂದರು. ಬಂದುಬಿಟ್ಟೆ. ಶನಿವಾರ ಮಾರಿಕುಪ್ಪಂಗೆ ಹೋಗಿ ಸೋಮವಾರ ಬರುವುದು ಅಂತಾಯಿತು.

ಪಿಳ್ಳಮ್ಮನಿಗೆ ನಲವತ್ತೈದು ದಾಟಿತ್ತೇನೋ. ಗಂಡ ತೀರಿಹೋಗಿ ಬಹಳ ವರ್ಷವಾಗಿತ್ತು, ಮಗಳನ್ನು ಬೂದಿಕೋಟೆಗೇ ಕೊಟ್ಟಿದ್ದಳು. ಊರಿನಲ್ಲಿ ಕಳೆ ಕೀಳುವ ಹೆಣ್ಣಾಳುಗಳ ಗುಂಪಿಗೆ ಅವಳೇ ಮುಂದಾಳು. ರಾಗಿ ಹೊಲದಲ್ಲಿ ಹನ್ನೆರಡು ಹೆಂಗಸರು ಸಾಲಾಗಿ ಕೂತರೆ ಮೊದಲ ಸಾಲು ಅವಳದು, ಮೊದಲ ಪದ ಅವಳದು, ಮೊದಲ ಬೈಗುಳವೂ ಅವಳದು. ಸಂಜೆ ವಾಪಸು ಬರುವಾಗ ಎಲ್ಲರ ಮಡಿಲಲ್ಲೂ ಬೆರಕೆ ಸೊಪ್ಪು. ಅದನ್ನು ಯಾರೂ ಬೆಳೆಯುವುದಿಲ್ಲ, ಮಳೆ ಬಿದ್ದರೆ ಹೊಲದ ಬದುಗಳಲ್ಲಿ ತಾನಾಗಿ ಹುಟ್ಟುತ್ತದೆ. ಅಣ್ಣೆ, ಗೋಣಿ, ಹೊನಗೊನೆ, ಗಣಿಕೆ, ತಗಚೆ, ಹೀಗೆ ಸಿಕ್ಕಿದ್ದೆಲ್ಲ ಸೇರಿಸಿ, ಬೇಳೆ ಜೊತೆ ಬೇಯಿಸಿ, ಮಸೆದು, ಬೆಳ್ಳುಳ್ಳಿ ಒಗ್ಗರಣೆ ಕೊಟ್ಟರೆ ಮಸ್ಸೊಪ್ಪು. ಬಿಸಿ ಮುದ್ದೆಯ ಜೊತೆ ಅದನ್ನು ಮೊದಲ ಸಲ ತಿಂದ ದಿನ, ಇಪ್ಪತ್ಮೂರು ವರ್ಷ ನಾನು ಏನು ತಿಂದುಕೊಂಡಿದ್ದೆ ಅಂತ ನನಗೇ ಬೇಜಾರಾಯಿತು. ಪಿಳ್ಳಮ್ಮ ಕಣ್ಣು ಮುಚ್ಚಿಕೊಂಡು ಬರೀ ಮುಟ್ಟಿ ಸೊಪ್ಪಿನ ಹೆಸರು ಹೇಳುತ್ತಿದ್ದಳು.

ತೋಪು ಅಂದರೆ ಹೊಂಗೆ, ನೇರಳೆ, ಮಾವಿನ ಮರಗಳು ಅಲ್ಲೊಂದು ಇಲ್ಲೊಂದು ನಿಂತಿದ್ದ ಊರ ಜಾಗ. ಮರಗಳ ನಡುವಿನ ಬಯಲಲ್ಲಿ ಹಿಂದೆ ದನ ಮೇಯುತ್ತಿದ್ದವಂತೆ, ಬೇಕಾದಷ್ಟು ಸೊಪ್ಪು ಸಿಗುತ್ತಿತ್ತಂತೆ. ನಾನು ಹೋಗುವ ಹೊತ್ತಿಗೆ ಅಲ್ಲೆಲ್ಲ ಕಾಂಗ್ರೆಸ್ ಗಿಡ. ಪುಸ್ತಕದಲ್ಲಿ ಅದಕ್ಕೆ ಪಾರ್ಥೇನಿಯಂ ಅಂತ ಹೆಸರು. ಯಾವುದೋ ದೇಶದಿಂದ ಬಂದದ್ದು, ಬಿಳೀ ಹೂವು, ಸೊಂಟದೆತ್ತರ. ದನ ಮುಟ್ಟದು, ಮೇಕೆಯೂ ಮುಟ್ಟದು. ಮೇಕೆಯೇ ಬೇಡವೆಂದ ಮೇಲೆ ಅದನ್ನು ಕೇಳುವವರು ಯಾರು? ಪಿಳ್ಳಮ್ಮನ ಮನೆಯ ಮೂರು ದಿಕ್ಕಿಗೂ ಅದೇ ನಿಂತಿತ್ತು. ಅವಳ ಕೈಗಳು ಮೊಣಕೈವರೆಗೆ ಒರಟಾಗಿ ಬಿರುಕು ಬಿಟ್ಟಿದ್ದವು. ಎರಡು ವರ್ಷದಿಂದ ನವೆ. "ಕಳೆ ಕೀಳೋರ್ ಕೈ ಇನ್ನೆಂಗಿರ್ತದೆ" ಅಂತ ಹೊಂಗೆ ಎಣ್ಣೆ ಸವರಿಕೊಂಡು ಸುಮ್ಮನಾಗುತ್ತಿದ್ದಳು.

ಭಾದ್ರಪದದ ಒಂದು ಸಂಜೆ ನನಗೆ ಶೂರತನ ಬಂತು. ಎರಡು ತಿಂಗಳು ಕೂತು ತಿಂದವಳು, ಒಂದು ದಿನ ನಾನೇ ಸೊಪ್ಪು ತರಬಾರದೇಕೆ? ತೋಪಿಗೆ ಹೋದೆ. ನೆಲಕ್ಕೆ ಹರಡಿಕೊಂಡಿದ್ದ ಎಳೇ ಗಿಡಗಳು ನೋಡೋದಕ್ಕೆ ಕೊತ್ತಂಬರಿಯ ಅಣ್ಣನ ಹಾಗಿದ್ದವು. ಮೊರದ ತುಂಬ ಕಿತ್ತು ತಂದು ಪಿಳ್ಳಮ್ಮನ ಮುಂದೆ ಇಟ್ಟೆ. ಅವಳು ಮೊರ ನೋಡಿದಳು, ನನ್ನ ಮುಖ ನೋಡಿದಳು, ಆಮೇಲೆ ಗೋಡೆಗೆ ಒರಗಿಕೊಂಡು ನಗೋದಕ್ಕೆ ಶುರುಮಾಡಿದಳು.

"ಅಯ್ಯೋ ನಮ್ಮ ಟೀಚರಮ್ಮೋ! ಊರ್ ಮಕ್ಳಿಗೆಲ್ಲ ಪಾಠ ಏಳ್ತೀಯ, ಕಾಂಗ್ರೆಸ್ ಗಿಡದಾಗೆ ಸಾರ್ ಮಾಡಾಕೆ ತಂದಿದ್ದೀಯಲ್ಲ! ಬರ್ರೇ, ನೋಡ್ಬರ್ರೇ!"

ಅಕ್ಕಪಕ್ಕದ ಹೆಂಗಸರೆಲ್ಲ ಬಂದು ನೋಡಿ ನಕ್ಕರು. ಪಿಳ್ಳಮ್ಮ ಬರೀ ಕೈಯಲ್ಲಿ ಅದನ್ನು ಹಿಡಿ ಹಿಡಿಯಾಗಿ ಬಾಚಿ ಬೇಲಿಯಾಚೆ ಎಸೆದಳು. ನಗು ಉಕ್ಕಿ ಕಣ್ಣೀರು ಬಂದಾಗಲೆಲ್ಲ ಅದೇ ಕೈಯಲ್ಲಿ ಕಣ್ಣೊರೆಸಿಕೊಂಡಳು. ಬೆಳಗ್ಗೆ ಎದ್ದಾಗ ಅವಳ ಎರಡು ಕಣ್ಣೂ ಮುಚ್ಚಿಹೋಗಿದ್ದವು. ಮುಖ ಊದಿ, ತುಟಿ ದಪ್ಪವಾಗಿ, ಗುರುತೇ ಸಿಗದ ಹಾಗಾಗಿತ್ತು. ನನಗೆ ಅಳು ಬಂತು. ನನ್ನಿಂದಲೇ ಆದದ್ದು ಅಂತ ಕೈ ಹಿಡಿದುಕೊಳ್ಳೋಕೆ ಹೋದರೆ, "ಮುಟ್ಬ್ಯಾಡ ಕಣಮ್ಮ, ನಿಂಗೂ ಅಂಟ್ಕಂಡಾತು" ಅಂತ ಕೈ ಹಿಂದಕ್ಕೆ ಎಳೆದುಕೊಂಡಳು.

ಬಂಗಾರಪೇಟೆಯ ಡಾಕ್ಟರು ಮುಲಾಮು ಕೊಟ್ಟರು, ಕಾರಣವನ್ನೂ ಹೇಳಿದರು. ಆ ಗಿಡ ಇವಳ ಮೈಗೆ ಆಗುವುದಿಲ್ಲ, ಅದರ ಹೂವಿನ ಪುಡಿ ಗಾಳಿಯಲ್ಲಿ ಬಂದರೂ ಸಾಕು. ಮುಲಾಮು ಎಷ್ಟು ದಿನ ಹಚ್ಚುತ್ತೀರಿ, ಗಿಡ ಇಲ್ಲದ ಕಡೆ ಹೋಗಿರಲಿ ಅಂದರು. ಸುದ್ದಿ ಮುಟ್ಟಿದ ಮೂರನೇ ದಿನಕ್ಕೆ ಅವಳ ತಮ್ಮ ಮುನಿಸ್ವಾಮಿ ಬಂದ. ಗಣಿಯಲ್ಲಿ ಕೆಲಸ, ಮಾರಿಕುಪ್ಪಂನಲ್ಲಿ ನಮ್ಮ ಮನೆಯಿಂದ ಎರಡು ಲೈನು ಆಚೆ ಅವನ ಮನೆ. ಅಕ್ಕನೆಂದರೆ ಪ್ರಾಣ ಅವನಿಗೆ, ಹಟವೂ ಅಕ್ಕನಷ್ಟೇ.

"ಅಕ್ಕಾ, ನಮ್ ಕಡೆ ಆ ಗಿಡಾನೇ ಇಲ್ಲ. ಸೈನೈಡ್ ದಿಬ್ಬದ್ ಪಕ್ಕ ಏನ್ ಉಟ್ತದೆ? ಸುಮ್ನೆ ಬಂದ್ಬುಡಕ್ಕ" ಅಂದ.

"ಸೊಪ್ಪು?" ಅಂತ ಪಿಳ್ಳಮ್ಮ ಊದಿದ ತುಟಿಯಲ್ಲೇ ಕೇಳಿದಳು.

"ಮಾರ್ಕೆಟ್ನಾಗೆ ಸಿಕ್ತದಕ್ಕ."

ಪಿಳ್ಳಮ್ಮ ಮಹಾಲಯ ಅಮಾವಾಸ್ಯೆ ಮುಗಿಸಿ, ಮನೆಯನ್ನು ನನ್ನ ಕೈಗೆ ಕೊಟ್ಟು, ತಮ್ಮನ ಹಿಂದೆ ಹೊರಟುಹೋದಳು. ಹೋಗುವಾಗ ಬಾಗಿಲ ಹೊಸ್ತಿಲನ್ನು ಎರಡು ಸಲ ಮುಟ್ಟಿ ನಮಸ್ಕಾರ ಮಾಡಿದಳು.

ಅದನ್ನು ನೋಡಿ ನನಗೆ ಸುಮ್ಮನೆ ಕೂರಲಾಗಲಿಲ್ಲ. ಅವಳು ಬರುವುದರೊಳಗೆ ತೋಪನ್ನು ಬಯಲು ಮಾಡುತ್ತೇನೆ ಅಂತ ಹೊರಟೆ. ಊರಿನ ಗಂಡಸರ ಕೈಕಾಲು ಹಿಡಿದು ಕುಡುಗೋಲಿನಲ್ಲಿ ಕೊಯ್ಯಿಸಿದೆ. ಹದಿನೈದು ದಿನಕ್ಕೆ ಒಂದೊಂದು ಬುಡದಲ್ಲಿ ನಾಲ್ಕು ನಾಲ್ಕು ಕವಲು. ಆಗ ನಾರಾಯಣಪ್ಪ ಮೇಷ್ಟ್ರು ಎಲ್ಲೋ ಓದಿದ್ದ ಉಪ್ಪುನೀರಿನ ಉಪಾಯ ಹೇಳಿದರು. ಉಪ್ಪಿನ ಚೀಲ ತರಿಸಿ, ಬಿಂದಿಗೆಗಟ್ಟಲೆ ಉಪ್ಪುನೀರು ಕಲಸಿ, ಗಿಡದ ತಲೆಯ ಮೇಲೆ ಚಿಮುಕಿಸಿದೆವು. ಗಿಡ ಒಣಗುವ ಮೊದಲೇ ಊರಿನ ದನಗಳಿಗೆ ಸುದ್ದಿ ಮುಟ್ಟಿತು. ಉಪ್ಪಿನ ಆಸೆಗೆ ಎಲೆ ನೆಕ್ಕಿದವು, ನೆಕ್ಕುತ್ತಾ ನೆಕ್ಕುತ್ತಾ ತಿಂದೇಬಿಟ್ಟವು. ಮಾರನೆಯ ದಿನ ಊರಿನ ಹಾಲೆಲ್ಲ ಕಹಿ! ಹಾಲು ಹಾಕಿಸಿಕೊಳ್ಳುವವನು ಒಂದು ತೊಟ್ಟು ಬಾಯಿಗೆ ಬಿಟ್ಟುಕೊಂಡು ಥೂ ಅಂತ ಉಗಿದು, ಎಲ್ಲರ ಹಾಲನ್ನೂ ವಾಪಸು ಕಳಿಸಿದ. ಸಂಜೆ ಹತ್ತು ಜನ ಸ್ಕೂಲಿನ ಮುಂದೆ ಬಂದು ನಿಂತರು. ಮೇಷ್ಟ್ರು ಕಿಟಕಿಯಿಂದ ಇಣುಕಿ, "ಮಂಜುಳಾ, ನೀನೇ ಹೋಗಿ ಮಾತಾಡಮ್ಮ, ಹೆಣ್ಣುಮಗಳನ್ನ ಯಾರೂ ಹೊಡೆಯೋದಿಲ್ಲ" ಅಂತ ಒಳಗೇ ಉಳಿದರು. ಅವತ್ತು ಅವರ ಕಾಫಿಗೂ ಕಹಿ ಹಾಲೇ ಬಿತ್ತು ಅನ್ನುವುದೊಂದೇ ನನಗೆ ಸಮಾಧಾನ.

ದೀಪಾವಳಿಗೆ ಎರಡು ದಿನ ಇರುವಾಗ ಪಿಳ್ಳಮ್ಮ ವಾಪಸು ಬಂದಳು. ಮುಖ ಇಳಿದಿತ್ತು, ಕೈ ನುಣುಪಾಗಿತ್ತು, ಆದರೆ ಆಳೇ ಅರ್ಧ ಆಗಿದ್ದಳು.

"ಮೂರ್ ಎಲೆ ಸೇರ್ಸಿ ಕಟ್ಟು ಅಂತಾರೆ ಕಣಮ್ಮ ಅಲ್ಲಿ. ಬೆಳಿಗ್ಗೆ ಎದ್ರೂ ಬಿಳೀ ದಿಬ್ಬ, ಸಂಜೆ ನೋಡಿದ್ರೂ ಬಿಳೀ ದಿಬ್ಬ. ಬಗ್ಗಿ ಕೀಳಾಕೆ ಒಂದ್ ಗಿಡ ಬ್ಯಾಡ್ವಾ? ನೀನೆಂಗೆ ಬೆಳ್ದೆ ತಾಯಿ ಅಲ್ಲಿ?"

ಹಿಂದೆಯೇ ಗಂಟು ಹೊತ್ತು ಬಂದ ಮುನಿಸ್ವಾಮಿ ಸಿಟ್ಟಿನಲ್ಲಿದ್ದ. "ಟೀಚರ್, ನೀವೇ ಸಾಕ್ಷಿ. ಇನ್ನೊಂದ್ ಮಳೆಗಾಲ ನೋಡ್ತೀನಿ. ಬರೋ ವರ್ಸ ಮಾಲಯಕ್ಕೆ ಬತ್ತೀನಿ. ಅಕ್ಕನ್ ಮೊಕ ಮತ್ತೆ ಊದಿದ್ರೆ ಮನೆಗೆ ಬೀಗ ಜಡ್ದು ಕರ್ಕಂಡ್ ಓಗ್ತೀನಿ. ಆಮೇಲೆ ಯಾರ್ ಮಾತೂ ಕೇಳಾಕಿಲ್ಲ" ಅಂದ.

"ಆಗ್ಲಿ ಓಗಲಾ, ಬೀಗ ತತ್ತಾನಂತೆ ಬೀಗ" ಅಂತ ಪಿಳ್ಳಮ್ಮ ಗದರಿಸಿ ಕಳಿಸಿದಳು. ಅವನು ಬೇಲಿ ದಾಟಿದ ಮೇಲೆ ನನ್ನ ಕಡೆ ತಿರುಗಿ, "ಅವ್ನ ಮಾತಂದ್ರೆ ಮಾತು. ತಂದೇ ತತ್ತಾನೆ" ಅಂದಳು. ಅವಳ ದನಿ ಸಣ್ಣಗಾದದ್ದನ್ನು ನಾನು ಕೇಳಿದ್ದು ಅದೇ ಮೊದಲು. ಕಳೆ ಕೀಳೋದಕ್ಕೂ ಹೋಗುವ ಹಾಗಿಲ್ಲ, ಮನೆಯಲ್ಲೂ ಇರುವ ಹಾಗಿಲ್ಲ ಅಂದರೆ ಅವಳಿಗೆ ಉಳಿದದ್ದೇನು?

ಉತ್ತರ ಕಾರ್ತಿಕದ ಒಂದು ಬೆಳಗ್ಗೆ ಸಿಕ್ಕಿತು. ಮೂಗುಬಾಯಿಗೆ ಸೆರಗು ಬಿಗಿದುಕೊಂಡು ನೀರಿಗೆ ಹೋಗಿದ್ದ ಪಿಳ್ಳಮ್ಮ ಬಾವಿಯ ಹತ್ತಿರದಿಂದ ನನ್ನ ಹೆಸರು ಹಿಡಿದು ಕಿರುಚಿದಳು. ಹಾವೋ ಏನೋ ಅಂತ ಓಡಿದೆ. ಹಳೇ ಬಾವಿಯ ಸುತ್ತ ತಗಚೆ ಗಿಡ ಒತ್ತಾಗಿ ನಿಂತು, ಕುಡುಗೋಲಿನ ಹಾಗೆ ಬಾಗಿದ ಸಣ್ಣ ಕಾಯಿ ಬಿಟ್ಟಿತ್ತು.

"ಇದ್ರೊಳ್ಗೆ ಆ ಪಾಪಿ ಗಿಡ ಎಲ್ಲೈತೆ ತೋರ್ಸು" ಅಂದಳು. "ಮೊದಲ್ನೇ ಮಳೆಗೆ ತಗಚೆ ಎದ್ಬುಡ್ತದೆ. ಒತ್ತೊತ್ತಾಗಿ ಏಳ್ತದೆ. ಅದು ಬರೋವೊತ್ಗೆ ಇಲ್ಲಿ ನಿಂತ್ಕಳಾಕೆ ಜಾಗ ಎಲ್ಲೈತೆ?"

ನಾನು ವಿಜ್ಞಾನ ಓದಿದವಳು, ಸುಮ್ಮನೆ ನಂಬಿದರೆ ಮರ್ಯಾದೆ ಏನಾದೀತು? ಹಗ್ಗದಲ್ಲಿ ನಾಲ್ಕು ಮೊಳದ ಚೌಕ ಹಾಕಿ ಎಣಿಸಿದೆ. ತಗಚೆಯ ನಡುವೆ ಕಾಂಗ್ರೆಸ್ ಗಿಡ ಆರು, ಅವೂ ನೆರಳಿಗೆ ಬಿಳುಚಿಕೊಂಡ ಬಡಕಲು. ತೋಪಿನ ಕಡೆ ಅಷ್ಟೇ ಜಾಗದಲ್ಲಿ ನೂರು ದಾಟಿದ ಮೇಲೆ ಎಣಿಸೋದು ಬಿಟ್ಟೆ. ಹಿತ್ತಲ ಗಿಡ ಮದ್ದಲ್ಲ ಅಂತಾರೆ. ನಾನು ಉಪ್ಪಿನ ಚೀಲದ ಹಿಂದೆ ತಿರುಗುತ್ತಿದ್ದಾಗ ಮದ್ದು ಬಾವಿಯ ಪಕ್ಕದಲ್ಲೇ ನಿಂತಿತ್ತು.

ಮಾರ್ಗಶಿರದಲ್ಲಿ ಕಾಯಿ ಒಣಗಿತು. ಮಕ್ಕಳನ್ನು ಕರೆದುಕೊಂಡು ಹೊಲದ ಬದು, ಕಾಲುವೆ, ಬೂದಿಕೋಟೆ ರಸ್ತೆಯ ಇಕ್ಕೆಲ ಎಲ್ಲ ಸುತ್ತಿ ಎರಡು ಚೀಲ ಬೀಜ ಮಾಡಿ, ಸ್ಕೂಲಿನ ಮೂಲೆಯಲ್ಲಿಟ್ಟೆ. ಸಂಕ್ರಾಂತಿ ಕಳೆದ ಮೇಲೆ ನೋಡಿದರೆ ಒಂದು ಚೀಲ ಒಂದು ಗೇಣು ಕುಸಿದಿದೆ. ಇಲಿಯ ಕೆಲಸ ಅಂತ ಬೈದುಕೊಳ್ಳುತ್ತಿದ್ದೆ, ಅಷ್ಟರಲ್ಲಿ ಸ್ಕೂಲಿನ ಹಿಂದಿನಿಂದ ಹುರಿದ ಘಮ ಬಂತು. ಮೇಷ್ಟ್ರು ಮೂರು ಕಲ್ಲಿನ ಮೇಲೆ ಬಾಣಲೆ ಇಟ್ಟುಕೊಂಡು ಕೂತಿದ್ದರು.

"ಕಾಫಿಪುಡಿ ಮುಗಿದಿತ್ತಮ್ಮ" ಅಂದರು, ಸಿಕ್ಕಿಬಿದ್ದ ಹುಡುಗನ ಮುಖ ಮಾಡಿಕೊಂಡು. "ನಮ್ಮಜ್ಜಿ ತಗಚೆ ಬೀಜ ಹುರಿದೇ ಕಾಫಿ ಮಾಡ್ತಿದ್ದರು. ಬೈಯೋ ಮುಂಚೆ ಒಂದು ಲೋಟ ಕುಡಿದು ನೋಡು."

ಕುಡಿದೆ. ಚೆನ್ನಾಗಿಯೇ ಇತ್ತು, ಅದು ಬೇರೆ ಮಾತು. ಅವತ್ತೇ ಎರಡು ಚೀಲವನ್ನೂ ಮಕ್ಕಳಿಂದ ಹೊರಿಸಿ ನನ್ನ ಮಂಚದ ಕೆಳಗೆ ತಳ್ಳಿದೆ.

ಬೇಸಿಗೆ ರಜೆಗೆ ಮಾರಿಕುಪ್ಪಂಗೆ ಒಯ್ದಿದ್ದ ಹತ್ತು ಬೀಜ ಒದ್ದೆ ಬಟ್ಟೆಯಲ್ಲಿ ಕಟ್ಟಿ ಮೊಳಕೆ ನೋಡಿದೆ. ವಾರವಾದರೂ ಒಂದೂ ಬಿರಿಯಲಿಲ್ಲ. ಎಲ್ಲ ಸತ್ತ ಬೀಜ ಅಂತ ಹೆದರಿ, ರಜೆ ಅಂತಲೂ ನೋಡದೆ ರೈಲು ಹತ್ತಿ ಬಂದೆ. ಪಿಳ್ಳಮ್ಮ ಮತ್ತೆ ನಕ್ಕಳು. "ಅದು ಕಲ್ಲಂಥಾ ಬೀಜ. ದನದ್ ಕಾಲಿಗೆ ಸಿಕ್ಕಿ, ಮರಳಾಗೆ ಉಜ್ಜಾಡಿ, ಆಮೇಲೆ ತಾನೆ ಉಟ್ಟಾದು? ನೀನು ಸೀರೆ ಸೆರಗ್ನಾಗೆ ಜೋಪಾನ ಮಾಡಿದ್ರೆ ಏಳ್ತದಾ?" ಕಾಲುವೆಯ ದಪ್ಪ ಮರಳು ತಂದು, ಒರಳಿಗೆ ಬೀಜದ ಜೊತೆ ಹಾಕಿ, ಅವಳ ಗುಂಪಿನ ಹೆಂಗಸರು ಸರದಿಯ ಮೇಲೆ ಉಜ್ಜಿದರು. ಮೊದಲ ಹದ ಮಳೆ ಬಿದ್ದ ಮಾರನೇ ಬೆಳಗ್ಗೆ ಒಂದು ಚೀಲ ಬೀಜವನ್ನು ತೋಪಿನ ತುಂಬ ಎರಚಿದೆವು. ಪಿಳ್ಳಮ್ಮನನ್ನು ಬಾಗಿಲಲ್ಲೇ ಕೂರಿಸಿದ್ದೆವು. ಅಲ್ಲಿಂದಲೇ ಅಲ್ಲಿ ಚೆಲ್ಲು, ಇಲ್ಲಿ ಚೆಲ್ಲು ಅಂತ ಕೂಗಿ ಅವಳ ಗಂಟಲು ಕಟ್ಟಿಹೋಯಿತು.

ರೋಹಿಣಿ ಮಳೆ ಕೈಕೊಡಲಿಲ್ಲ. ಹತ್ತು ದಿನಕ್ಕೆ ತೋಪು ಹಸಿರೋ ಹಸಿರು. ದುಂಡು ದುಂಡು ಎಲೆಗಳು ಸಂಜೆಯಾದರೆ ಜೋಡಿ ಜೋಡಿಯಾಗಿ ಮಡಿಚಿಕೊಳ್ಳುತ್ತಿದ್ದವು. ಸ್ಕೂಲು ಶುರುವಾಗಿತ್ತು, ಮಕ್ಕಳು ನೋಡಿ, "ಪ್ರಾರ್ಥನೆ ಮಾಡ್ತಾವೆ ಮಿಸ್" ಅನ್ನುತ್ತಿದ್ದರು. ಅಷ್ಟು ಸಂತೋಷ ನನಗೆ ನನ್ನ ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದಾಗಲೂ ಆಗಿರಲಿಲ್ಲ. ಅದೇ ಹುಮ್ಮಸ್ಸಿನಲ್ಲಿ ಶನಿವಾರ ಮಾರಿಕುಪ್ಪಂಗೆ ಹೋದೆ.

ಸೋಮವಾರ ಬಂದು ನೋಡುತ್ತೇನೆ, ತೋಪು ಅರ್ಧಕ್ಕರ್ಧ ಬೋಳು. ಕೆಂಪು ನೆಲ ಹಲ್ಲು ಕಿರಿದುಕೊಂಡು ನೋಡುತ್ತಿತ್ತು. ದನ ನುಗ್ಗಿತೇನೋ ಅಂತ ಹೆಜ್ಜೆ ಹುಡುಕಿದೆ. ದನದ ಹೆಜ್ಜೆ ಇರಲಿಲ್ಲ, ಎಲ್ಲ ಮನುಷ್ಯರದೇ. ಮೊದಲನೇ ಮನೆಯ ಮುಂದೆ ಹೋಗುತ್ತಿದ್ದ ಹಾಗೆ ಬೆಳ್ಳುಳ್ಳಿ ಒಗ್ಗರಣೆಯ ವಾಸನೆ ಮೂಗಿಗೆ ಬಡಿಯಿತು. ಎರಡನೇ ಮನೆಯಲ್ಲೂ ಅದೇ, ಮೂರನೇ ಮನೆಯಲ್ಲೂ ಅದೇ. ಭಾನುವಾರ ಊರಿಗೆ ಊರೇ ನನ್ನ ತಗಚೆಯನ್ನು ಬೇಯಿಸಿ, ಮಸೆದು, ಮುದ್ದೆಯ ಜೊತೆ ನುಂಗಿತ್ತು! ಬಾಯಿಗೆ ಬಂದ ಹಾಗೆ ಕೂಗಾಡಿದೆ. ಯಾರೂ ಬೇಜಾರು ಮಾಡಿಕೊಳ್ಳಲಿಲ್ಲ. ಬಟ್ಟಲಲ್ಲಿ ಸಾರು ತಂದು ಕೈಗೆ ಕೊಟ್ಟು, "ಎಳೇ ಸೊಪ್ಪು ಬುಟ್ರೆ ಬಲಿತೋಯ್ತದಲ್ವಾ ಟೀಚರಮ್ಮ? ಕುಡಿ, ಸಿಟ್ಟು ಇಳೀತದೆ" ಅಂದರು.

ಮನೆಗೆ ಬಂದೆ. ಪಿಳ್ಳಮ್ಮ ಒಲೆಯ ಮುಂದೆ ಬೆನ್ನು ತಿರುಗಿಸಿ ಕೂತಿದ್ದಳು. ಮಡಕೆಯ ಮುಚ್ಚಳ ತೆಗೆದು ನೋಡಿದೆ. ತಗಚೆ.

"ನೀನೂನಾ ಪಿಳ್ಳಕ್ಕ? ಬೇಲಿಯೇ ಎದ್ದು ಹೊಲ ಮೇಯೋದು ಅಂದ್ರೆ ಇದೇ ಅಲ್ವಾ? ನಿನಗೋಸ್ಕರ ತಾನೆ ನಾನು ಇಷ್ಟು ಒದ್ದಾಡ್ತಿರೋದು? ಮಹಾಲಯಕ್ಕೆ ಬೀಗ ಬರುತ್ತೆ, ನೆನಪಿದೆಯಾ?"

"ನೆಪ್ಪೈತೆ" ಅಂದಳು ಮೆಲ್ಲಗೆ. "ಏನ್ ಮಾಡ್ಲಮ್ಮ, ಬಾಗ್ಲಾಗೇ ಅಷ್ಟು ಸೊಪ್ಪು ಬೆಳ್ಕಂಡು ನಿಂತ್ರೆ ಕೈ ಕಟ್ಕಂಡು ಕುಂತ್ಕಳಾಕೆ ನಾನೇನ್ ದೇವ್ರಾ? ಹನ್ನೆರಡು ಜನ ಕಿತ್ಕಂಡ್ ಓದ್ರು. ನಾನು ಮನೆ ಮುಂದಿನ್ದು ಒಂಚೂರು ಚಿವುಟ್ಕಂಡೆ, ಅಷ್ಟೇಯ."

ಅವತ್ತು ಇಬ್ಬರೂ ಮುಖ ತಿರುಗಿಸಿಕೊಂಡು ಉಂಡೆವು. ಮುದ್ದೆ ಗಂಟಲಲ್ಲಿ ಇಳಿಯಲಿಲ್ಲ ಅಂತ ಬರೆದರೆ ಸುಳ್ಳಾಗುತ್ತದೆ. ಸಾರು ಬಹಳ ರುಚಿಯಾಗಿತ್ತು, ಅದಕ್ಕೇ ಇನ್ನಷ್ಟು ಸಿಟ್ಟು.

ಎಂಟು ದಿನ ಕಳೆಯಿತು. ಬೋಳಾದ ಕಡೆ ಕೊತ್ತಂಬರಿಯ ಅಣ್ಣಂದಿರು ಒಬ್ಬೊಬ್ಬರಾಗಿ ತಲೆ ಎತ್ತಿದರು. ನಾನು ಆಸೆ ಬಿಟ್ಟು, ಮುನಿಸ್ವಾಮಿಗೆ ಏನು ಹೇಳಲಿ ಅಂತ ಯೋಚಿಸುತ್ತಿದ್ದೆ. ಒಂದು ಬೆಳಗ್ಗೆ ಪಿಳ್ಳಮ್ಮ ನನ್ನನ್ನು ರೆಟ್ಟೆ ಹಿಡಿದು ಎಬ್ಬಿಸಿ ಬಾಗಿಲಿಗೆ ಎಳೆದುಕೊಂಡು ಹೋದಳು. ಅವಳು ತುದಿ ಚಿವುಟಿದ್ದ ಗಿಡಗಳು ಸತ್ತಿರಲಿಲ್ಲ. ಒಂದು ಕಾಂಡ ಇದ್ದಲ್ಲಿ ಮೂರು ಕವಲು ಒಡೆದು, ಅಗಲವಾಗಿ, ಕೆಳಗಿನ ನೆಲ ಕಾಣದ ಹಾಗೆ ಹರಡಿಕೊಂಡಿದ್ದವು. ಯಾರೂ ಮುಟ್ಟದೆ ಬಿಟ್ಟಿದ್ದ ಗಿಡಗಳಿಗಿಂತ ಇವೇ ದಟ್ಟ.

"ಸೇವಂತಿಗೆ ತಲೆ ಚಿವುಟಾಕಿಲ್ವಾ, ಪಕ್ಕ ಒಡೀಲಿ ಅಂತ? ಅಂಗೇ ಇದೂನೂ" ಅಂದಳು. "ತಿನ್ನಾದ್ ತಪ್ಪಲ್ಲ ಕಣಮ್ಮ. ಬೇರ್ ಕಿತ್ತಿದ್ದು ತಪ್ಪು."

ಅವತ್ತು ಬಾವಿಕಟ್ಟೆಯ ಮೇಲೆ ನಿಂತು ಅವಳು ಊರ ಹೆಂಗಸರಿಗೆಲ್ಲ ಕಾನೂನು ಮಾಡಿದಳು. ಉಳಿದಿದ್ದ ಒಂದು ಚೀಲ ಬೀಜವನ್ನು ಬೋಳು ಜಾಗಕ್ಕೆ ಮತ್ತೆ ಎರಚಬೇಕು. ಆಮೇಲೆ ಯಾರು ಬೇಕಾದರೂ ಬರಬಹುದು, ದಿನಾ ಬರಬೇಕು, ಎರಡೆಲೆ ತುದಿ ಚಿವುಟಿಕೊಂಡು ಹೋಗಬೇಕು. "ಯಾವಳ ಮಡ್ಲಾಗಾದ್ರೂ ತಗಚೆ ಬೇರು ಕಂಡ್ರೆ ನಾನ್ ಮತ್ತೆ ಕಳೆಗೆ ಬಂದಾಗ ಸಾಲಾಗೆ ನನ್ ಪಕ್ಕ ಕುಂಡ್ರಂಗಿಲ್ಲ" ಅಂದಳು. ಪಿಳ್ಳಮ್ಮನ ಪಕ್ಕ ಜಾಗ ಇಲ್ಲ ಅಂದರೆ ಆ ಊರಿನಲ್ಲಿ ಹೆಂಗಸರಿಗೆ ಹಾಡೂ ಇಲ್ಲ, ಹರಟೆಯೂ ಇಲ್ಲ. ಒಬ್ಬರೂ ಎದುರಾಡಲಿಲ್ಲ. ಚಿವುಟುವವರು ಕಾಲಡಿ ಕಂಡ ಎಳೇ ಕಾಂಗ್ರೆಸ್ ಗಿಡವನ್ನು ಕೈಗೆ ಬಟ್ಟೆ ಸುತ್ತಿಕೊಂಡು ಕಿತ್ತು ಹಾಕಬೇಕು ಅನ್ನುವುದನ್ನು ನಾನು ಸೇರಿಸಿದೆ. ಅಷ್ಟಾದರೂ ನನ್ನ ವಿಜ್ಞಾನ ಇರಲಿ ಅಂತ.

ಆಮೇಲೆ ನಲವತ್ತು ದಿನ ಆ ಊರು ತಗಚೆ ತಿಂದಿತು. ಮಸ್ಸೊಪ್ಪು, ಪಲ್ಯ, ಬಸ್ಸಾರು, ರೊಟ್ಟಿಯ ಹಿಟ್ಟಿಗೂ ತಗಚೆ. ಎಳೇ ತಗಚೆ ಹೆಚ್ಚು ತಿಂದರೆ ಹೊಟ್ಟೆ ಸಡಿಲ ಅನ್ನುವುದು ನನಗೆ ಆಗಲೇ ಗೊತ್ತಾದದ್ದು. ಪಾಠದ ನಡುವೆ ಒಬ್ಬೊಬ್ಬರಾಗಿ ಕಿರುಬೆರಳು ಎತ್ತಿ ಓಡುತ್ತಿದ್ದ ಮಕ್ಕಳನ್ನು ನೋಡಿ ಮೇಷ್ಟ್ರು, "ಮಂಜುಳಾ, ತೋಪು ಗೆಲ್ಲುತ್ತೋ ಇಲ್ಲವೋ, ಈ ವರ್ಷದ ಹಾಜರಿ ಮಾತ್ರ ಸೋತಿತು" ಅಂದರು. ಅಷ್ಟಾದರೂ ಯಾರೂ ಚಿವುಟುವುದನ್ನು ಬಿಡಲಿಲ್ಲ. ಒಂದು ದಿನ ತುದಿ ಚಿವುಟಿದರೆ ಐದಾರು ದಿನಕ್ಕೆ ಮತ್ತಷ್ಟು ಚಿಗುರು.

ಭಾದ್ರಪದದ ಹೊತ್ತಿಗೆ ತಗಚೆ ಸೊಂಟದ ಹತ್ತಿರ ಬಂದು ಹಳದಿ ಹೂ ಬಿಟ್ಟಿತು. ಬಗ್ಗಿ ನೋಡಿದರೆ ಅಡಿಯಲ್ಲಿ ಬಿಳುಚಿಕೊಂಡ ಶತ್ರು ಅಲ್ಲೊಂದು ಇಲ್ಲೊಂದು. ಪೂರ್ತಿ ಗೆದ್ದೆವು ಅಂತ ಹೇಳಲಾರೆ. ತೋಪಿನಾಚೆ ರಸ್ತೆಯ ಉದ್ದಕ್ಕೂ ಅದು ಆಗಲೂ ನಿಂತಿತ್ತು, ಈಗಲೂ ನಿಂತಿದೆ. ಪಿಳ್ಳಮ್ಮನಿಗೆ ಆಗೊಮ್ಮೆ ಈಗೊಮ್ಮೆ ಕೈ ನವೆಯಾಗುತ್ತಿತ್ತು. ಆದರೆ ಅವಳು ಸೆರಗು ಬಿಗಿಯದೆ ಬಾಗಿಲಲ್ಲಿ ಕೂತು ಸೊಪ್ಪು ಬಿಡಿಸುತ್ತಿದ್ದಳು, ಹೊರಗೆ ಚಿವುಟುವವರ ಜೊತೆ ಪದ ಹೇಳುತ್ತಿದ್ದಳು.

ಮಹಾಲಯದ ಹಿಂದಿನ ಶನಿವಾರ ಮುನಿಸ್ವಾಮಿ ಬಂದ. ಕೈಯಲ್ಲಿ ಕಾಗದ ಸುತ್ತಿದ ಹೊಸಾ ಬೀಗ, ಹಿತ್ತಾಳೆಯದು, ಅಂಗೈ ಅಗಲ. ಬಂದವನೇ ಅಕ್ಕನ ಗಲ್ಲ ಹಿಡಿದು ಮುಖವನ್ನು ಬೆಳಕಿಗೆ ತಿರುಗಿಸಿ ನೋಡಿದ. ಈ ಕಡೆಯಿಂದ ನೋಡಿದ, ಆ ಕಡೆಯಿಂದ ನೋಡಿದ. ತೋಪಿಗೆ ಹೋಗಿ ಒಂದು ಸುತ್ತು ಬಂದ. ಕೂತು ಎರಡು ಮುದ್ದೆ ಉಂಡ. ಕೊನೆಗೆ ಕೈ ತೊಳೆದುಕೊಂಡು ಬೀಗವನ್ನು ತಿರುಗಿಸುತ್ತಾ, "ಮತ್ತೆ ಇದ್ನೇನ್ ಮಾಡ್ಲಿ?" ಅಂದ.

"ಇಲ್ಲಿ ಕೊಡು" ಅಂತ ಪಿಳ್ಳಮ್ಮ ಕೈ ಚಾಚಿದಳು. "ಈ ವರ್ಸದ್ ಬೀಜ ಇಡೋ ಪೆಟ್ಟಿಗೆಗೆ ಒಂದು ಬೇಕಾಗಿತ್ತು. ಇಲ್ದಿದ್ರೆ ಮೇಷ್ಟ್ರು ಕಾಫಿ ಮಾಡ್ಕಂಡ್ ಕುಡ್ದುಬುಡ್ತಾರೆ."

ಅವತ್ತು ಸಂಜೆ ಬಂಗಾರಪೇಟೆಯಿಂದ ನಾನೂ ಮುನಿಸ್ವಾಮಿಯೂ ಒಂದೇ ರೈಲಿಗೆ ಹತ್ತಿದೆವು. ಅವನ ತೊಡೆಯ ಮೇಲೆ ಅಕ್ಕ ಕಟ್ಟಿಕೊಟ್ಟ ತಗಚೆಯ ದೊಡ್ಡ ಗಂಟು. ಬೋಗಿಯ ತುಂಬ ಆ ವಾಸನೆ ಹರಡಿತು. ಶಿಫ್ಟಿಗೆ ಹೊರಟಿದ್ದ ಗಣಿಯವರೆಲ್ಲ ಮೂಗು ಮುಚ್ಚಿಕೊಂಡರು. ಎದುರಿಗಿದ್ದವನು, ಇದೇನಪ್ಪ ಈ ನಾತ, ಬಿಸಾಡು ಆಚೆಗೆ, ನಿಮ್ಮಕ್ಕ ಎಲ್ಲಿ, ಕರಕೊಂಡು ಬರ್ತೀನಿ ಅಂತ ಹೋಗಿದ್ದೆಯಲ್ಲ ಅಂತ ತಮಿಳಿನಲ್ಲಿ ಕೇಳಿದ. ಮುನಿಸ್ವಾಮಿ ಗಂಟು ಬಿಚ್ಚಿ, ಒಂದು ಹಿಡಿ ಎತ್ತಿ, ಬುಡ ಮೇಲೆ ಮಾಡಿ ಎಲ್ಲರಿಗೂ ತೋರಿಸಿದ.

"ನೋಡ್ಕಳ್ರಿ, ತುದಿ ಮಾತ್ರ ತಂದಿರಾದು. ಬೇರು ಅಲ್ಲೇ ಐತೆ. ನಮ್ಮಕ್ಕಾನೂ ಅಲ್ಲೇ ಅವ್ಳೆ."